ಚಿನ್ನದ ಕಾವಲು

2018ನೆಯ ಇಸವಿಯ ಡಿಸೆಂಬರ್ 21ರಂದು ನಮ್ಮ ಊರಾದ ಕೋಲಾರ ಚಿನ್ನದ ಗಣಿಯ ಹೆಸರನ್ನೇ ಹೊತ್ತ ‘ಕೆ.ಜಿ.ಎಫ್.’ ಎಂಬ ಚಲನಚಿತ್ರವು ದೇಶದಾದ್ಯಂತ ತೆರೆಕಂಡಿತು. ಚಿನ್ನದ ಗಣಿಯೊಂದನ್ನು ಶಸ್ತ್ರಧಾರಿಗಳಾದ ಕೆಲವರು ತಮ್ಮ ಖಾಸಗಿ ರಾಜ್ಯವನ್ನಾಗಿ ಮಾಡಿಕೊಂಡು, ಸಾವಿರಾರು ಜೀತದಾಳುಗಳನ್ನು ಬಂದೂಕಿನ ನೆರಳಿನಲ್ಲಿ ದುಡಿಸಿ, ಹಾಗೆ ದೊರೆತ ಚಿನ್ನದ ಬಲದಿಂದ ದೇಶದ ಆಡಳಿತಕ್ಕೇ ಎದುರುನಿಲ್ಲುವಷ್ಟು ಪ್ರಬಲರಾದರೆಂಬುದು ಆ ಚಿತ್ರದ ಕಲ್ಪನೆ. ಚಿತ್ರೀಕರಣ ನಡೆದದ್ದು ಇಲ್ಲಿಯ ಗಣಿತ್ಯಾಜ್ಯದ ಸೈನೈಡ್ ಗುಡ್ಡಗಳ ಮೇಲೆಯೇ ಆದರೂ, ಆಂಡರ್ಸನ್‌ಪೇಟೆಯಲ್ಲಿ ಮೂರು ತಲೆಮಾರು ಗಣಿಯ ಅನ್ನವನ್ನುಂಡ ಮನೆತನದವರು ಅದನ್ನು ತಮ್ಮ ಚರಿತ್ರೆಯೆಂದು ಒಪ್ಪಲಾರರು. ಇಲ್ಲಿ ಕಂಪೆನಿಯಿತ್ತು, ಹಾಜರಿಪುಸ್ತಕವಿತ್ತು, ಸಂಬಳದ ದಿನವಿತ್ತು, ಸಂಘವಿತ್ತು, ಮುಷ್ಕರವಿತ್ತು. ಕೋಟೆ ಕಟ್ಟಿಕೊಂಡ ಗಣಿದೊರೆಯಿರಲಿಲ್ಲ. ಆದರೆ ಚಿತ್ರವು ತೆರೆಕಾಣುವುದಕ್ಕೆ ಎರಡು ದಿನ ಮೊದಲು, ನೈಲ್ ನದೀತೀರದ ಅತ್ಬರಾ ಎಂಬ ರೈಲ್ವೆ ಪಟ್ಟಣದಲ್ಲಿ ರೊಟ್ಟಿಯ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಜನರು ಬೀದಿಗಿಳಿದರಷ್ಟೆ; ಆ ಸುಡಾನ್ ದೇಶದಲ್ಲಿ ಇಲ್ಲಿಯ ಕಲ್ಪನೆಯು ಆಗಲೇ ನಡೆದುಹೋದ ಸಂಗತಿಯಾಗಿದ್ದಿತು.

ಉತ್ತರ ಡಾರ್ಫರ್ ಪ್ರಾಂತದ ಜೆಬೆಲ್ ಆಮಿರ್ ಎಂಬ ಗುಡ್ಡಸಾಲಿನಲ್ಲಿ ಚಿನ್ನ ಸಿಕ್ಕಿತೆಂಬ ವಾರ್ತೆಯು 2012ರಲ್ಲಿ ಹರಡಿದೊಡನೆ ಸಹಸ್ರಾರು ಜನರು ಅಲ್ಲಿಗೆ ನುಗ್ಗಿದರು. ಅಂತಹ ಅಗೆತಕ್ಕೆ ದೊಡ್ಡ ಯಂತ್ರವೂ ಬೇಡ, ಬಂಡವಾಳವೂ ಬೇಡ. ಆಳೊಬ್ಬನು ನುಸುಳುವಷ್ಟೇ ಅಗಲದ ಗುಂಡಿ, ಇಳಿಯುವುದಕ್ಕೊಂದು ಹಗ್ಗ, ತಲೆಗೆ ಕಟ್ಟಿದ ಬ್ಯಾಟರಿ ದೀಪ, ಇಷ್ಟಾದರೆ ಸಾಕು. ಮೇಲೆಳೆದ ಕಲ್ಲನ್ನು ಪುಡಿಮಾಡಿ, ನೀರಿನಲ್ಲಿ ಜಾಲಿಸಿ, ಪಾದರಸವನ್ನು ಬೆರೆಸಿ, ಆ ಮುದ್ದೆಯನ್ನು ಬೆಂಕಿಗೆ ಹಿಡಿದರೆ ಪಾದರಸವು ಹಬೆಯಾಗಿ ಹೋಗಿ ಚಿನ್ನದ ಗುಂಡು ಅಂಗೈಯಲ್ಲಿ ಉಳಿಯುತ್ತದೆ. ಅಂಗೈಯಲ್ಲಿರುವುದನ್ನು ಜೇಬಿಗಿಳಿಸುವುದು ಸುಲಭ. ಜೇಬಿನಲ್ಲಿರುವುದನ್ನು ಕಸಿಯುವುದು ಇನ್ನೂ ಸುಲಭ. 2013ರ ಜನವರಿಯಲ್ಲಿ ಆ ಗುಂಡಿಗಳ ಒಡೆತನಕ್ಕಾಗಿ ಬೆನಿ ಹುಸೇನ್ ಮತ್ತು ರಿಜೇಗಾತ್ ಬುಡಕಟ್ಟುಗಳು ಬಡಿದಾಡಿದವು. ನೂರಾರು ಮಂದಿ ಸತ್ತರು. ಕಡೆಗೆ ಗಣಿಯು ಮೂಸಾ ಹಿಲಾಲ್ ಎಂಬ ದಳಪತಿಯ ಕೈಸೇರಿತು. 2017ರ ನವೆಂಬರಿನಲ್ಲಿ ಅವನನ್ನು ಸೆರೆಹಿಡಿದು ಗಣಿಯನ್ನು ತನ್ನ ವಶಮಾಡಿಕೊಂಡವನು, ಒಂದು ಕಾಲಕ್ಕೆ ಒಂಟೆಯ ವ್ಯಾಪಾರಿಯಾಗಿದ್ದು, ಆ ವೇಳೆಗೆ ‘ಕ್ಷಿಪ್ರ ಬೆಂಬಲ ಪಡೆ’ ಎಂಬ ಸೇನೆಯ ಒಡೆಯನಾಗಿದ್ದ ಮಹಮ್ಮದ್ ಹಮ್ದಾನ್ ದಗಾಲೊ. ಜನರು ಅವನನ್ನು ಹೆಮೆದ್ತಿ ಎನ್ನುತ್ತಾರೆ. ಆತನ ಕುಟುಂಬದ ಕಂಪೆನಿಯು ಚಿನ್ನವನ್ನು ದುಬೈಗೆ ಮಾರಿತು. ಆ ಹಣವು ಪಡೆಯ ಸಂಬಳವಾಗಿ, ವಾಹನಗಳಾಗಿ, ಮದ್ದುಗುಂಡುಗಳಾಗಿ ಹಿಂದಿರುಗಿತು. 2023ರ ಏಪ್ರಿಲ್ 15ರಂದು ಅದೇ ಪಡೆಯು ಸರ್ಕಾರದ ಸೈನ್ಯದೊಡನೆ ರಾಜಧಾನಿ ಖಾರ್ತೂಮಿನ ನಡುಬೀದಿಯಲ್ಲಿ ಯುದ್ಧಕ್ಕೆ ನಿಂತಿತು. ಅಲ್ಲಿಂದೀಚೆಗೆ ಒಂದು ಕೋಟಿಗೂ ಮಿಕ್ಕ ಜನರು ಮನೆಮಠಗಳನ್ನು ತೊರೆದಿದ್ದಾರೆ.

ಒಂದೇ ಲೋಹವು ಒಂದು ನೆಲದಲ್ಲಿ ಕಾರ್ಮಿಕ ಸಂಘಗಳನ್ನು ಹುಟ್ಟಿಸಿ, ಮತ್ತೊಂದು ನೆಲದಲ್ಲಿ ಖಾಸಗಿ ಸೇನೆಯನ್ನು ಹುಟ್ಟಿಸಿದುದಕ್ಕೆ ಕಾರಣವೇನು? ಗಣಿಯ ನೆರಳಿನಲ್ಲಿ ಬಾಳಿದ ನಮಗೆ ಈ ಪ್ರಶ್ನೆಯನ್ನು ಕೇಳುವ ಅಧಿಕಾರವುಂಟು. ಉತ್ತರವು ಚಿನ್ನದಲ್ಲಿಯೂ ಇಲ್ಲ, ಅರಬರ ಸ್ವಭಾವದಲ್ಲಿಯೂ ಇಲ್ಲ. ಚಿನ್ನದ ಪಕ್ಕದಲ್ಲಿ ಬಂದೂಕು ಹಿಡಿದು ನಿಂತವನು ಯಾರಿಗೆ ಲೆಕ್ಕ ಒಪ್ಪಿಸಬೇಕಾಗಿತ್ತೆಂಬುದರಲ್ಲಿ ಇದೆ ಎಂಬುದು ನನ್ನ ವಾದ.

ಸ್ವಭಾವದ ಮಾತನ್ನು ಮೊದಲು ತೆಗೆದುಕೊಳ್ಳೋಣ. ಅರಬ್ ದೇಶಗಳಲ್ಲಿ ಅಂತಃಕಲಹವು ಸಹಜವೆಂದೂ, ಅಲ್ಲಿ ಪ್ರಜಾಸತ್ತೆಯು ಬೇರೂರದೆಂದೂ ನಮ್ಮವರು ನಿರಾಯಾಸವಾಗಿ ಹೇಳಿಬಿಡುವುದುಂಟು. ಸುಡಾನಿನ ಚರಿತ್ರೆಯನ್ನು ಸ್ವಲ್ಪ ಓದಿದವನ ಬಾಯಲ್ಲಿ ಈ ಮಾತು ಬರಲಾರದು. ಆ ದೇಶದ ಪ್ರಥಮ ಮಹಾಚುನಾವಣೆಯು 1953ರ ಕೊನೆಯಲ್ಲಿ ನಡೆದಾಗ, ಅದನ್ನು ನಡೆಸಿದ ಅಂತಾರಾಷ್ಟ್ರೀಯ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು. ಇಲ್ಲಿ ಅಕ್ಷರ ತಿಳಿಯದ ಕೋಟಿ ಕೋಟಿ ಜನರಿಂದ ಮತ ಹಾಕಿಸಿದ ಅನುಭವವನ್ನು ಅವರು ಅಲ್ಲಿಗೆ ಒಯ್ದರು. ಆ ಚುನಾವಣೆಯಿಂದ ಇಸ್ಮಾಯಿಲ್ ಅಲ್ ಅಜ್‌ಹರಿಯವರು ಪ್ರಧಾನಿಯಾದರು. 1956ರ ಜನವರಿ 1ರಂದು ದೇಶವು ಸ್ವತಂತ್ರವಾಯಿತು. ಮೂರು ವರ್ಷ ತುಂಬುವ ಮೊದಲೇ, 1958ರ ನವೆಂಬರಿನಲ್ಲಿ, ಇಬ್ರಾಹಿಂ ಅಬ್ಬೂದ್ ಎಂಬ ಸೇನಾಪತಿ ಅಧಿಕಾರವನ್ನು ಹಿಡಿದನೆಂಬುದು ನಿಜ. ಆದರೆ 1964ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳೂ ವಕೀಲರೂ ರೈಲ್ವೆ ನೌಕರರೂ ಸಾರ್ವತ್ರಿಕ ಮುಷ್ಕರ ಹೂಡಿ ಆತನನ್ನು ಇಳಿಸಿದರು. 1969ರಲ್ಲಿ ಬಂದ ಜಾಫರ್ ನಿಮೇರಿಯನ್ನು 1985ರ ಏಪ್ರಿಲಿನಲ್ಲಿ ಹಾಗೆಯೇ ಇಳಿಸಿದರು. 1989ರಲ್ಲಿ ಬಂದು ಮೂವತ್ತು ವರ್ಷ ಕುಳಿತ ಒಮರ್ ಅಲ್ ಬಷೀರನನ್ನು 2019ರ ಏಪ್ರಿಲ್ 11ರಂದು ಇಳಿಸಿದರು. ಆಯುಧವಿಲ್ಲದ ಪ್ರಜೆಗಳು ಮೂವರು ಸೈನಿಕ ಪ್ರಭುಗಳನ್ನು ಮೂರು ಸಲ ಗದ್ದುಗೆಯಿಂದ ಕದಲಿಸಿದ ಉದಾಹರಣೆಗಳು ಜಗತ್ತಿನಲ್ಲಿ ಎಷ್ಟಿವೆ? ಪ್ರಜಾಸತ್ತೆಯ ಹಸಿವು ಅಲ್ಲಿ ಕಡಿಮೆಯಾಗಿರಲಿಲ್ಲ. ಜೆಬೆಲ್ ಆಮಿರಿನಲ್ಲಿ ಕಾದಾಡಿದ ಬುಡಕಟ್ಟುಗಳೆರಡೂ ಅರಬರೇ, ಎರಡೂ ಮುಸಲ್ಮಾನರೇ ಎಂಬುದನ್ನೂ ಗಮನಿಸಿದರೆ ಕುಲ, ಮತಗಳಿಂದಲೇ ಎಲ್ಲವನ್ನೂ ವಿವರಿಸುವ ಚಾಪಲ್ಯವು ತಾನಾಗಿ ತಗ್ಗೀತು.

ಇನ್ನು ಚಿನ್ನವೇ ಶಾಪವೆಂಬ ವಾದ. ಇದು ಪಂಡಿತರ ವಲಯದಲ್ಲಿಯೂ ಮನ್ನಣೆ ಪಡೆದಿರುವುದರಿಂದ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2011ರಲ್ಲಿ ದಕ್ಷಿಣ ಸುಡಾನ್ ಬೇರ್ಪಟ್ಟಾಗ ಉತ್ತರದ ಕೈಯಿಂದ ಮುಕ್ಕಾಲುಪಾಲು ತೈಲವು ಜಾರಿಹೋಯಿತು. ಆ ಕೊರತೆಯನ್ನು ತುಂಬುವುದಕ್ಕೆ ಖಾರ್ತೂಮಿನ ಸರ್ಕಾರವು ಚಿನ್ನದ ಬೆನ್ನುಹತ್ತಿತು. ಆಗಲೇ ಚಿನ್ನದ ಕಾಳಗಗಳೂ ಮೊದಲಾದುವು. ಇಷ್ಟು ನಿಜ. ಆದರೆ ಚಿನ್ನವಿದ್ದಲ್ಲೆಲ್ಲ ರಕ್ತವು ಹರಿಯಲೇಬೇಕೆಂದಾದರೆ ಕೋಲಾರದ ಗಣಿಯ ಗತಿ ಬೇರೆಯೇ ಆಗಬೇಕಾಗಿತ್ತು. ಇಲ್ಲಿ 1880ರಿಂದ 2001ರವರೆಗೆ ಸುಮಾರು 800 ಟನ್ನಿನಷ್ಟು ಚಿನ್ನವನ್ನು ತೆಗೆದರು. ಆ ಚಿನ್ನವು ಮರಳಿನಲ್ಲಿ ಚೆಲ್ಲಿರಲಿಲ್ಲ, ಕರಿಯ ಬಂಡೆಯ ಹೊಟ್ಟೆಯಲ್ಲಿ ಎಳೆಯಾಗಿ ಹರಿದಿತ್ತು. ಚಾಂಪಿಯನ್ ರೀಫ್ ಗಣಿಯಲ್ಲಿ ಅದನ್ನು ಬೆಂಬತ್ತಿದವರು ಮೂರು ಕಿಲೋಮೀಟರಿಗೂ ಕೆಳಕ್ಕೆ ಇಳಿದರು. ಅಷ್ಟು ಆಳಕ್ಕೆ ಇಳಿಯಬೇಕಾದರೆ ಜಾನ್ ಟೇಲರ್ ಕಂಪೆನಿಯಂತಹ ಬಂಡವಾಳಸ್ಥರು ಬೇಕು, 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ತಂದಂತಹ ವಿದ್ಯುಚ್ಛಕ್ತಿ ಬೇಕು, ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ಬೇಕು, ಮೂವತ್ತು ಸಾವಿರ ಕೈಗಳು ಬೇಕು. ಕುದುರೆಯ ಮೇಲೆ ಬಂದ ದರೋಡೆಗಾರನು ಗಣಿಯ ಬಾಯನ್ನು ಹಿಡಿದರೂ ಒಂದು ಗುಂಜಿ ಚಿನ್ನವನ್ನು ತೆಗೆಯಲಾರನು. ಭೂಗರ್ಭವೇ ನಮಗೆ ಇಷ್ಟರಮಟ್ಟಿಗೆ ರಕ್ಷೆಯಾಯಿತೆಂದು ಒಪ್ಪಬೇಕು.

ಆದರೆ ಭೂಗರ್ಭವೊಂದೇ ಅಲ್ಲ. ನಮ್ಮ ಗಣಿಯಲ್ಲಿಯೂ ಬಂದೂಕುಗಳಿದ್ದುವು. ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ನೌಕರರಿಂದ ಕೂಡಿದ, ಕೋಲಾರದ ಗಣಿಯ ಹೆಸರನ್ನೇ ಹೊತ್ತ ಸ್ವಯಂಸೇವಕ ಸೈನಿಕದಳವೊಂದಿತ್ತು. ‘ವಾಚ್ ಅಂಡ್ ವಾರ್ಡ್’ ಎಂಬ ಕಾವಲುಪಡೆಯಿತ್ತು. ಅಮಾಲ್ಗಮಿನ, ಎಂದರೆ ಪಾದರಸ ಬೆರೆತ ಚಿನ್ನದ, ಉಂಡೆಯೊಂದು ಕೂಲಿಯ ಗುಡಿಸಲಿನಲ್ಲಿ ಸಿಕ್ಕರೆ ಅದೇ ಅಪರಾಧವೆನ್ನುವ ಕಾಯಿದೆಯಿತ್ತು. ಕಂಪೆನಿಗಳ ದೃಷ್ಟಿಯಲ್ಲಿ ಪ್ರತಿಯೊಬ್ಬ ಕೂಲಿಯೂ ಕಳ್ಳನಾಗಬಲ್ಲವನು. 1930ರಲ್ಲಿ ಎಲ್ಲರ ಬೆರಳಚ್ಚನ್ನೂ ದಾಖಲೆ ಮಾಡಿಕೊಳ್ಳುವೆವೆಂದು ಹೊರಟಾಗ, ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನಿಂದಲೂ ಹೊಟ್ಟೆಪಾಡಿಗೆ ಬಂದಿದ್ದ, ಬಹುಮಟ್ಟಿಗೆ ಅಸ್ಪೃಶ್ಯರೆನಿಸಿಕೊಂಡಿದ್ದ ಆ ಜನರು ಹೆಬ್ಬೆರಳನ್ನು ನೀಡದೆ ಕೆಲಸವನ್ನೇ ನಿಲ್ಲಿಸಿದರು. 1946ರಲ್ಲಿ ಕೆ. ಎಸ್. ವಾಸನ್ ಮೊದಲಾದವರ ನಾಯಕತ್ವದಲ್ಲಿ ಮತ್ತೆ ದೊಡ್ಡ ಮುಷ್ಕರ ನಡೆಯಿತು. ಅದೇ ವರ್ಷದ ನವೆಂಬರ್ 4ರಂದು ಪೊಲೀಸರು ಹಾರಿಸಿದ ಗುಂಡಿಗೆ ಆರು ಮಂದಿ ಕಾರ್ಮಿಕರು ಸತ್ತರು. ಚಿನ್ನವು ಲಂಡನ್ನಿಗೆ ಹೋಯಿತು. ಕಲ್ಲಿನ ಧೂಳು ಇಲ್ಲಿಯವರ ಶ್ವಾಸಕೋಶದಲ್ಲಿ ಉಳಿಯಿತು. ಗಣಿಯೊಳಗೆ ಬಂಡೆ ಸಿಡಿದ ಏರ್‌ಬ್ಲಾಸ್ಟಿನ ರಾತ್ರಿ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ಗಣಿಯ ಬಾಯಿಗೆ ಓಡಿದ್ದನ್ನು ಕಂಡವರು ಇನ್ನೂ ಇದ್ದಾರೆ. ಆದುದರಿಂದ ಮೈಸೂರು ಸಂಸ್ಥಾನದ ಸುವ್ಯವಸ್ಥೆಯನ್ನು ನ್ಯಾಯವೆಂದು ಭ್ರಮಿಸುವುದು ಬೇಡ. ನಾನು ಹೇಳುವುದು ಇಷ್ಟೆ: ಇಲ್ಲಿಯ ಬಂದೂಕು ಗಣಿಯ ಒಡೆತನವನ್ನು ಕೇಳಲಿಲ್ಲ. ಅದು ಮ್ಯಾಜಿಸ್ಟ್ರೇಟನಿಗೂ, ಅವನು ಸರ್ಕಾರಕ್ಕೂ, ಸರ್ಕಾರವು ಕಾಲಕ್ರಮದಲ್ಲಿ ಮತದಾರನಿಗೂ ಉತ್ತರ ಹೇಳಬೇಕಾಗಿತ್ತು. ಗುಂಡೇಟು ತಿಂದ ಜನರೇ ಸ್ವಾತಂತ್ರ್ಯಾನಂತರ ಎಂ. ಸಿ. ನರಸಿಂಹನ್ನರಂತಹ ಕಮ್ಯುನಿಸ್ಟರನ್ನೂ, ಸಿ. ಎಂ. ಆರುಮುಗಂ ಅವರಂತಹ ಅಂಬೇಡ್ಕರ್‌ವಾದಿಗಳನ್ನೂ ವಿಧಾನಸಭೆಗೆ ಕಳುಹಿಸಿದರು. 1956ರಲ್ಲಿ ಗಣಿಯು ರಾಷ್ಟ್ರೀಕೃತವಾಯಿತು. ಸಿಟ್ಟಿಗೆ ಒಂದು ಹಾದಿಯಿತ್ತು.

ಈ ಹಾದಿಯು ಸುಡಾನಿನಲ್ಲಿ ಇರಲೇ ಇಲ್ಲವೆಂದು ತಿಳಿಯಬಾರದು. ಇತ್ತು, ಅದನ್ನು ಮುಚ್ಚಿದರು. ನಮ್ಮಲ್ಲಿ ಮುಷ್ಕರ ನಡೆದ ಆ 1946ನೆಯ ವರ್ಷವೇ ಅತ್ಬರಾದ ರೈಲ್ವೆ ಕಾರ್ಮಿಕರು ತಮ್ಮ ಸಂಘವನ್ನು ಕಟ್ಟಿಕೊಂಡು, ಮರುವರ್ಷ ಮುಷ್ಕರದ ಮೂಲಕ ಬ್ರಿಟಿಷ್ ಆಡಳಿತದಿಂದ ಮನ್ನಣೆಯನ್ನು ಪಡೆದರು. ಉಗಿಬಂಡಿಯ ಕಾರ್ಖಾನೆಯಿಂದ ಎದ್ದುಬಂದ ಶಫೀ ಅಹಮದ್ ಅಲ್ ಷೇಖ್ ಇಡೀ ದೇಶದ ಕಾರ್ಮಿಕ ಒಕ್ಕೂಟದ ಮುಖಂಡನಾದನು. 1964ರ ಮುಷ್ಕರಕ್ಕೆ ಬೆನ್ನೆಲುಬಾದದ್ದು ಇಂತಹ ಸಂಘಟನೆಗಳೇ. 1971ರ ಜುಲೈ ತಿಂಗಳಲ್ಲಿ ಎಡಪಂಥೀಯ ಸೈನ್ಯಾಧಿಕಾರಿಗಳು ನಡೆಸಿದ ಮೂರು ದಿನಗಳ ವಿಪ್ಲವವು ವಿಫಲವಾದ ಮೇಲೆ, ನಿಮೇರಿಯು ಶಫೀಯನ್ನೂ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಅಬ್ದುಲ್ ಖಾಲಿಕ್ ಮಹಜೂಬನನ್ನೂ ಗಲ್ಲಿಗೇರಿಸಿದನು. ಅರಬ್ ಜಗತ್ತಿನಲ್ಲಿಯೇ ಅತ್ಯಂತ ಬಲಿಷ್ಠವೆನಿಸಿದ್ದ ಕಾರ್ಮಿಕ ಚಳವಳಿಯು ಅಲ್ಲಿಂದ ಮುಂದೆ ಮೊದಲಿನಂತೆ ತಲೆಯೆತ್ತಲಿಲ್ಲ. ಖಾರ್ತೂಮಿನ ಆ ಗಲ್ಲುಮರಗಳ ಕತೆ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಸುಡಾನಿನ ದುರವಸ್ಥೆಯ ಕಾರಣಗಳಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನವನ್ನು ಪಾಶ್ಚಾತ್ಯ ಪತ್ರಿಕೆಗಳೂ ಕೊಟ್ಟಂತೆ ಕಾಣೆ.

ಸಂಘವನ್ನು ಮುರಿದ ರಾಜ್ಯವೇ ಇನ್ನೊಂದು ಕಡೆ ಆಯುಧವನ್ನು ಗುತ್ತಿಗೆಗೆ ಕೊಡತೊಡಗಿತು. ಇದು ಅಲ್ಲಿ ಹೊಸತೇನೂ ಅಲ್ಲ. 1820ರಲ್ಲಿ ಈಜಿಪ್ಟಿನ ಮಹಮ್ಮದ್ ಅಲಿ ಪಾಷಾ ಸುಡಾನಿನ ಮೇಲೆ ದಂಡು ಕಳುಹಿಸಿದುದೇ, ಸೈನಿಕರನ್ನಾಗಿ ಮಾಡಲು ಗುಲಾಮರನ್ನೂ ಬೊಕ್ಕಸಕ್ಕೆ ಚಿನ್ನವನ್ನೂ ಅರಸಿ. ಬ್ರಿಟಿಷರು 1898ರಲ್ಲಿ ಓಮ್ದುರ್ಮಾನ್ ರಣಭೂಮಿಯಲ್ಲಿ ಮಹದಿ ಎಂಬ ಧರ್ಮನಾಯಕನ ಅನುಯಾಯಿಗಳನ್ನು ಕೊಂದು ರಾಜ್ಯವನ್ನು ಹಿಡಿದ ಮೇಲೆ, ನೈಲ್ ಕಣಿವೆಯನ್ನು ಹತ್ತಿಯ ತೋಟವನ್ನಾಗಿ ಬೆಳೆಸಿ, ದಕ್ಷಿಣವನ್ನೂ ಡಾರ್ಫರನ್ನೂ ಹಿಂದೆ ಬಿಟ್ಟರು. ಸ್ವತಂತ್ರ ಸುಡಾನ್ ಆ ಅಂತರವನ್ನು ತುಂಬಲಿಲ್ಲ. ದಕ್ಷಿಣದೊಡನೆ 1955ರಿಂದ 1972ರವರೆಗೆ ಒಂದು, 1983ರಿಂದ 2005ರವರೆಗೆ ಇನ್ನೊಂದು, ಹೀಗೆ ಎರಡು ದೀರ್ಘ ಯುದ್ಧಗಳು ನಡೆದುವು. ಎರಡನೆಯದರಲ್ಲಿ ರಾಜ್ಯದ ಸೈನ್ಯವು ಸಾಲದೆ ಹೋದಾಗ, ದನಗಾಹಿ ಅರಬ್ ಬುಡಕಟ್ಟುಗಳ ತರುಣರಿಗೆ ಬಂದೂಕು ಕೊಟ್ಟು, ದಕ್ಷಿಣದ ಹಳ್ಳಿಗಳ ಮೇಲೆ ಬಿಟ್ಟು, ಲೂಟಿಯೇ ನಿಮ್ಮ ಸಂಬಳವೆಂದು ಹೇಳುವ ಪದ್ಧತಿ ಬೆಳೆಯಿತು. ವಿಷಾದದ ಸಂಗತಿಯೆಂದರೆ, ಇದನ್ನು ಪೋಷಿಸಿದವರಲ್ಲಿ 1986ರ ಚುನಾವಣೆಯಲ್ಲಿ ಗೆದ್ದುಬಂದ, ಆಕ್ಸ್‌ಫರ್ಡಿನಲ್ಲಿ ಓದಿದ ಸಾದಿಕ್ ಅಲ್ ಮಹದಿಯ ಸರ್ಕಾರವೂ ಸೇರಿತ್ತು. ಬಷೀರನು ಅದನ್ನು ಶಾಸ್ತ್ರವನ್ನಾಗಿಯೇ ಮಾಡಿದನು. 2003ರಲ್ಲಿ ಡಾರ್ಫರ್ ದಂಗೆಯೆದ್ದಾಗ ಜಂಜಾವೀದ್ ಎಂಬ ಕುದುರೆಸವಾರರ ಗುಂಪುಗಳನ್ನು ಅಲ್ಲಿಯ ಫೂರ್, ಮಸಾಲಿತ್, ಜಘಾವಾ ಜನರ ಮೇಲೆ ಹರಿಯಬಿಟ್ಟನು. ಅದಕ್ಕಾಗಿ 2009ರಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು ಅವನ ಮೇಲೆ ವಾರಂಟು ಹೊರಡಿಸಿತು. 2013ರಲ್ಲಿ ಆ ಜಂಜಾವೀದ್ ಗುಂಪುಗಳಿಂದಲೇ ಕ್ಷಿಪ್ರ ಬೆಂಬಲ ಪಡೆಯು ರೂಪುಗೊಂಡಿತು. 2017ರಲ್ಲಿ ಅದಕ್ಕೆ ಶಾಸನದ ಮುದ್ರೆಯೂ ಬಿತ್ತು. ತನ್ನ ಸೈನ್ಯವೇ ತನ್ನನ್ನು ಉರುಳಿಸೀತೆಂಬ ಭಯದಿಂದ ಬಷೀರನು ಬೇರೊಂದು ಸೇನೆಯನ್ನು ಸಾಕಿದನು. 2019ರಲ್ಲಿ ಎರಡೂ ಸೇರಿ ಅವನನ್ನು ಕೈಬಿಟ್ಟವು.

ಬಾಡಿಗೆಯ ಬಂದೂಕಿಗೆ ಬಾಡಿಗೆ ಕೊಡುವವನು ಬೇರೆಯಾಗಿರುವವರೆಗೆ ಅದನ್ನು ಕೆಳಗಿಡಿಸುವ ಉಪಾಯವುಂಟು. ಗಣಿಯೇ ಕೈಗೆ ಬಂದ ಮೇಲೆ ಹೆಮೆದ್ತಿಗೆ ಒಡೆಯನ ಅಗತ್ಯವಿರಲಿಲ್ಲ. ನಾಗರಿಕ ಪ್ರಧಾನಿ ಅಬ್ದಲ್ಲಾ ಹಮ್ದೋಕರ ಸರ್ಕಾರವನ್ನು ಅವನೂ ಸೇನಾಪತಿ ಬುರ್ಹಾನನೂ 2021ರ ಅಕ್ಟೋಬರಿನಲ್ಲಿ ಒಟ್ಟಾಗಿ ಉರುಳಿಸಿದರು. ಮರುವರ್ಷದ ಡಿಸೆಂಬರಿನಲ್ಲಿ ಮತ್ತೆ ನಾಗರಿಕ ಆಡಳಿತಕ್ಕೆ ಮರಳುವ ಒಪ್ಪಂದವೊಂದು ಸಿದ್ಧವಾದಾಗ, ಅದು ಮುರಿದುಬಿದ್ದುದು ಧರ್ಮದ ಪ್ರಶ್ನೆಯ ಮೇಲಲ್ಲ, ಭಾಷೆಯ ಪ್ರಶ್ನೆಯ ಮೇಲಲ್ಲ. ಹೆಮೆದ್ತಿಯ ಪಡೆಯು ಸರ್ಕಾರದ ಸೈನ್ಯದಲ್ಲಿ ಎಷ್ಟು ವರ್ಷಗಳೊಳಗೆ ವಿಲೀನವಾಗಬೇಕೆಂಬುದರ ಮೇಲೆ. ಸೈನ್ಯವು ಎರಡು ವರ್ಷವೆಂದಿತು. ಅವನು ಹತ್ತು ವರ್ಷವೆಂದನು. ಈ ಎಂಟು ವರ್ಷಗಳ ವ್ಯತ್ಯಾಸಕ್ಕಾಗಿ ಖಾರ್ತೂಮ್ ಹಾಳಾಯಿತು. ಸೈನ್ಯದ ಕಡೆಯವರೇನೂ ಸಾಧುಗಳಲ್ಲ. ಅವರಿಗೂ ಕಾರ್ಖಾನೆಗಳುಂಟು, ಕಂಪೆನಿಗಳುಂಟು, ಅವುಗಳ ಲೆಕ್ಕವನ್ನು ಪಾರ್ಲಿಮೆಂಟಿಗೆ ಒಪ್ಪಿಸುವ ಮನಸ್ಸಿಲ್ಲ.

ಈ ದೂರದ ಬೆಂಕಿಯ ಕಿಡಿ ಕನ್ನಡನಾಡಿಗೂ ತಗುಲಿತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂತಹ ಹಾಡಿಗಳಿಂದಲೂ, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳಿಂದಲೂ ಹಕ್ಕಿಪಿಕ್ಕಿ ಜನರು ಕೇಶತೈಲವನ್ನೂ ನಾರುಬೇರಿನ ಔಷಧವನ್ನೂ ಮಾರುತ್ತ ಆಫ್ರಿಕದ ದೇಶಗಳಿಗೆ ಹೋಗುವುದುಂಟು. 1972ರ ವನ್ಯಜೀವಿ ಕಾಯಿದೆಯು ಹಕ್ಕಿ ಹಿಡಿಯುವ ಕುಲವೃತ್ತಿಯನ್ನು ನಿಷೇಧಿಸಿದ ಮೇಲೆ ಅವರು ಕಂಡುಕೊಂಡ ಜೀವನೋಪಾಯಗಳಲ್ಲಿ ಇದೊಂದು. ಯುದ್ಧವು ಹೊತ್ತಿಕೊಂಡಾಗ ಅವರಲ್ಲಿ 31 ಮಂದಿ ಸುಡಾನಿನಲ್ಲಿ ಸಿಕ್ಕಿಬಿದ್ದಿರುವರೆಂಬ ಸುದ್ದಿ ಬಂದಿತು. ಇಲ್ಲಿ ವಿಧಾನಸಭಾ ಚುನಾವಣೆಯ ಕಾವು. ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಈ ವಿಷಯದಲ್ಲಿ ಬಹಿರಂಗವಾದ ಮಾತಿನ ಚಕಮಕಿಯೂ ನಡೆಯಿತು. ಅಲ್ಲಿ ಅನ್ನನೀರಿಲ್ಲದೆ ಬಾಗಿಲು ಹಾಕಿಕೊಂಡು ಕುಳಿತವರಿಗೆ ಆ ಚಕಮಕಿಯಿಂದ ಬೆಳಕಾದಂತೆ ತೋರದು. ಅನಂತರ ಭಾರತ ಸರ್ಕಾರವು ‘ಕಾವೇರಿ’ ಎಂಬ ನಮ್ಮ ನದಿಯ ಹೆಸರಿನಲ್ಲಿಯೇ ಕಾರ್ಯಾಚರಣೆ ನಡೆಸಿ, ಪೋರ್ಟ್ ಸುಡಾನಿನಿಂದ ಜೆಡ್ಡಾ ಮಾರ್ಗವಾಗಿ ಮೂರೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದಿತು. ಹಕ್ಕಿಪಿಕ್ಕಿಗಳಲ್ಲಿ ಹಲವರು ಇದ್ದದ್ದು ಉತ್ತರ ಡಾರ್ಫರಿನ ರಾಜಧಾನಿಯಾದ ಎಲ್ ಫಾಷರಿನಲ್ಲಿ. ಅವರು ಹಿಂದಿರುಗಿ ಬಂದರು. ಆ ಪಟ್ಟಣದ ಜನರಿಗೆ ಹಿಂದಿರುಗಲು ಬೇರೆ ಊರಿರಲಿಲ್ಲ. ಸುಮಾರು ಹದಿನೆಂಟು ತಿಂಗಳ ಮುತ್ತಿಗೆಯ ನಂತರ 2025ರ ಅಕ್ಟೋಬರ್ 26ರಂದು ಎಲ್ ಫಾಷರ್ ಹೆಮೆದ್ತಿಯ ಪಡೆಯ ವಶವಾಯಿತು, ಸಾಮೂಹಿಕ ಹತ್ಯೆಯೂ ನಡೆಯಿತು.

ನಮ್ಮ ಸಂಬಂಧವು ಸಿಕ್ಕಿಬಿದ್ದವರನ್ನು ಕರೆತಂದಲ್ಲಿಗೆ ಮುಗಿಯಿತೆಂದು ನಾನು ಭಾವಿಸಲಾರೆ. 2024ರಲ್ಲಿ, ಯುದ್ಧದ ನಡುವೆಯೂ, ಸುಡಾನಿನ ಅಧಿಕೃತ ಲೆಕ್ಕದಂತೆ 64 ಟನ್ ಚಿನ್ನವು ಹೊರಬಿದ್ದಿತು. ಲೆಕ್ಕಕ್ಕೆ ಬಾರದೆ ಗಡಿ ದಾಟಿದ್ದು ಬೇರೆ. ಅದರ ಬಹುಪಾಲು ಸೇರುವುದು ಸಂಯುಕ್ತ ಅರಬ್ ಎಮಿರೇಟ್ಸಿನ ಮಾರುಕಟ್ಟೆಯನ್ನು. ತಾನು ಹೆಮೆದ್ತಿಗೆ ಆಯುಧ ಕೊಡುತ್ತಿಲ್ಲವೆಂದು ಆ ರಾಷ್ಟ್ರವು ಹೇಳುತ್ತಲೇ ಬಂದಿದೆ. ಆ ವಿವಾದವು ಇಲ್ಲಿ ನಮಗೆ ಬೇಡ. ಅಲ್ಲಿಂದ ನಮ್ಮ ದೇಶಕ್ಕೆ ಚಿನ್ನವು ಬರುತ್ತದೆಂಬುದು ವಿವಾದಾತೀತ. 2022ರ ಮೇ 1ರಿಂದ ಜಾರಿಗೆ ಬಂದ ಉಭಯ ದೇಶಗಳ ವ್ಯಾಪಾರ ಒಪ್ಪಂದದಲ್ಲಿ ಒಂದು ಮಿತಿಯವರೆಗಿನ ಅಲ್ಲಿಯ ಚಿನ್ನಕ್ಕೆ ಸುಂಕದ ರಿಯಾಯಿತಿಯೂ ಉಂಟು. ಕೋಲಾರದ ಗಣಿಯು ನೂರಿಪ್ಪತ್ತು ವರ್ಷಗಳಲ್ಲಿ ಕೊಟ್ಟಷ್ಟು ಚಿನ್ನವನ್ನು ಇಂದು ಭಾರತವು ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಆಮದು ಮಾಡಿಕೊಳ್ಳುತ್ತದೆ. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲಿನಲ್ಲಿ ನಸುಕಿಗೇ ಬೆಂಗಳೂರಿಗೆ ಕೂಲಿಗೆ ಹೋಗುವ ಗಣಿಕಾರ್ಮಿಕರ ಮಕ್ಕಳು, ಮನೆಯ ಮದುವೆಗೆಂದು ಕೊಳ್ಳುವ ತಾಳಿಯ ಚಿನ್ನವೂ ಈ ಆಮದಿನದೇ.

ಆ ಚಿನ್ನದ ಮೇಲೆ ಇಂದು ಹಾಲ್‌ಮಾರ್ಕ್ ಇರುತ್ತದೆ. 916 ಎಂಬ ಅಂಕೆಯಿರುತ್ತದೆ, ಆರು ಅಕ್ಷರಾಂಕಗಳ ಒಂದು ಗುರುತು ಸಂಖ್ಯೆಯಿರುತ್ತದೆ. ಖಾರ್ತೂಮಿನಲ್ಲಿ ಯುದ್ಧ ಮೊದಲಾಗುವುದಕ್ಕೆ ಹದಿನಾಲ್ಕು ದಿನ ಮುಂಚೆ, 2023ರ ಏಪ್ರಿಲ್ 1ರಿಂದ, ಆ ಸಂಖ್ಯೆಯಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಮಾರುವಂತಿಲ್ಲ. ಒಡವೆಯಲ್ಲಿ ಚಿನ್ನವೆಷ್ಟು, ಮುದ್ರೆಯೊತ್ತಿದ ಕೇಂದ್ರವಾವುದು ಎಂಬುದನ್ನೆಲ್ಲ ಅದು ತಿಳಿಸುತ್ತದೆ. ಆ ಚಿನ್ನವನ್ನು ಯಾವ ನೆಲದಿಂದ, ಯಾರ ಕಾವಲಿನಲ್ಲಿ ಅಗೆದರೆಂಬುದನ್ನು ತಿಳಿಸುವುದಿಲ್ಲ. ಒಮ್ಮೆ ಕರಗಿಸಿದ ಚಿನ್ನಕ್ಕೆ ಊರಿಲ್ಲ, ಆದುದರಿಂದ ಇದು ಅಸಾಧ್ಯವೆಂದು ವರ್ತಕರು ಹೇಳುವರು. ವಜ್ರದ ವಿಷಯದಲ್ಲಿಯೂ ಹೀಗೆಯೇ ಹೇಳುತ್ತಿದ್ದರು. ಆದರೂ ಆಫ್ರಿಕದ ಯುದ್ಧಗಳಿಗೆ ವಜ್ರದ ಹಣವು ಹರಿಯುವುದನ್ನು ತಡೆಯಲು 2003ರಲ್ಲಿ ಕಿಂಬರ್ಲಿ ವ್ಯವಸ್ಥೆಯು ಜಾರಿಗೆ ಬಂದು, ಜಗತ್ತಿನ ವಜ್ರಗಳಲ್ಲಿ ಹೆಚ್ಚಿನವನ್ನು ಸಾಣೆಹಿಡಿಯುವ ಭಾರತವೂ ಅದರಲ್ಲಿ ಸೇರಿತು. ಅದು ತೂತುಗಳಿಲ್ಲದ ವ್ಯವಸ್ಥೆಯೇನೂ ಅಲ್ಲ. ಆದರೆ ಕೊಳ್ಳುವವನು ಕೇಳಿದರೆ ಮಾರುವವನು ಉತ್ತರ ಕೊಡಬೇಕಾಗುತ್ತದೆಂಬಷ್ಟನ್ನು ಅದು ತೋರಿಸಿಕೊಟ್ಟಿದೆ. ದುಬೈಯ ಚಿನ್ನಕ್ಕೆ ಸುಂಕದಲ್ಲಿ ರಿಯಾಯಿತಿ ಕೊಡುವ ದಿಲ್ಲಿಯು, ಆ ರಿಯಾಯಿತಿಗೆ ಪ್ರತಿಯಾಗಿ, ಗಟ್ಟಿಯೊಂದೊಂದೂ ಯಾವ ಗಣಿಯಿಂದ ಹೊರಟಿತೆಂಬ ದಾಖಲೆಯನ್ನು ಬಂದರಿನಲ್ಲಿಯೇ ಕೇಳಬಹುದು. ಕೇಳುವುದಕ್ಕೆ ಹೊಸ ಶಾಸನವಾಗಲಿ ಸೈನ್ಯವಾಗಲಿ ಬೇಡ, ಒಪ್ಪಂದದ ಮುಂದಿನ ಪರಿಷ್ಕರಣೆಯಲ್ಲಿ ಒಂದು ವಾಕ್ಯವನ್ನು ಸೇರಿಸಿದರಾಯಿತು.